ಪಾಷಾಣಪರೀಕ್ಷೆಯ ಚರಿತ್ರೆ

ಅನ್ನದಲ್ಲಿ ವಿಷವಿರುವುದೋ ಇಲ್ಲವೋ ಎಂಬುದನ್ನು ಉಣ್ಣುವುದಕ್ಕೆ ಮೊದಲೇ ತಿಳಿಯಬೇಕೆಂಬ ಯತ್ನವು ರಾಜತ್ವದಷ್ಟೇ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ರಾಜನ ಆತ್ಮರಕ್ಷಣೆಯನ್ನು ಕುರಿತ ಪ್ರಕರಣವೊಂದುಂಟು. ವಿಷಮಿಶ್ರವಾದ ಅನ್ನವನ್ನು ಅಗ್ನಿಗೆ ಹಾಕಿದರೆ ಜ್ವಾಲೆಯೂ ಹೊಗೆಯೂ ನೀಲವಾಗುವುವೆಂದೂ, ಚಟಚಟನೆ ಶಬ್ದವುಂಟಾಗುವುದೆಂದೂ, ಹಕ್ಕಿಗಳು ತಿಂದರೆ ಸಾಯುವುವೆಂದೂ ಅಲ್ಲಿ ಹೇಳಿದೆ. ವಿಷವಿಕ್ಕಿದವನ ಬಾಯಿ ಒಣಗುವುದು, ಮಾತು ತೊದಲುವುದು ಮುಂತಾದ ಲಕ್ಷಣಗಳನ್ನೂ ಆ ಗ್ರಂಥಕಾರನು ಬಿಟ್ಟಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿಯೂ ಇದೇ ಬಗೆಯ ಅಗ್ನಿಪರೀಕ್ಷೆ, ಪಕ್ಷಿಪರೀಕ್ಷೆಗಳು ಕಾಣಬರುತ್ತವೆ. (ಬಹುಕಾಲ ಮರೆಯಾಗಿದ್ದ ಅರ್ಥಶಾಸ್ತ್ರವು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ಅಚ್ಚಾಗಿ ಹೊರಬಂದಿತೆಂಬುದು ಕನ್ನಡಿಗರು ಮರೆಯತಕ್ಕ ಸಂಗತಿಯಲ್ಲ.)

ಈ ಪರೀಕ್ಷೆಗಳನ್ನು ಕೇವಲ ಮೌಢ್ಯವೆಂದು ನಗುವವರುಂಟು. ಅದು ಸರಿಯಲ್ಲ. ಬಿಳಿಯ ಪಾಷಾಣವನ್ನು ಕೆಂಡದ ಮೇಲೆ ಹಾಕಿದರೆ ಬೆಳ್ಳುಳ್ಳಿಯ ವಾಸನೆಯ ಹೊಗೆ ಏಳುವುದು ನಿಜ. ಯೂರೋಪಿನ ವೈದ್ಯರು ಹದಿನೆಂಟನೆಯ ಶತಮಾನದಲ್ಲಿಯೂ ಈ ಉಪಾಯವನ್ನೇ ನಂಬಿದ್ದರು. ಅಗ್ನಿಪರೀಕ್ಷೆಯಿಂದ ಹುಟ್ಟುವುದು ಶಂಕೆ ಮಾತ್ರ, ನಿಶ್ಚಯವಲ್ಲ, ಎಂಬುದೇ ಅದರ ದೋಷ. ರಾಜನು ಶಂಕೆಯ ಮೇಲೆಯೇ ತಟ್ಟೆಯನ್ನು ದೂಡಬಹುದು. ಆದರೆ ಒಬ್ಬನನ್ನು ಗಲ್ಲಿಗೇರಿಸಬೇಕಾದ ನ್ಯಾಯಸ್ಥಾನಕ್ಕೆ ಶಂಕೆ ಸಾಲದು.

ಪಾಷಾಣಕ್ಕೆ ಇಂಗ್ಲಿಷಿನಲ್ಲಿ ಆರ್ಸೆನಿಕ್ ಎಂದು ಹೆಸರು. ಆಯುರ್ವೇದದಲ್ಲಿ ಪ್ರಸಿದ್ಧವಾದ ಹರಿತಾಳ, ಮನಶ್ಶಿಲೆಗಳು ಈ ಧಾತುವು ಗಂಧಕದೊಡನೆ ಕೂಡಿ ಆದವು. ಬಿಳಿಯ ಪಾಷಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲವೆನ್ನುವಷ್ಟು ಅಲ್ಪ. ಇಲಿಗಳನ್ನು ಕೊಲ್ಲುವುದಕ್ಕೆಂದು ಅಂಗಡಿಯಲ್ಲಿ ಕಾಸಿಗೆ ಸಿಕ್ಕುತ್ತಿದ್ದಿತು. ಅದನ್ನು ತಿಂದವನಿಗೆ ವಾಂತಿಭೇದಿಗಳಾಗುವುದರಿಂದ ಕಾಲರವೆಂದೇ ಜನರು ಎಣಿಸುತ್ತಿದ್ದರು. ಫ್ರಾನ್ಸಿನಲ್ಲಿ ಇದಕ್ಕೆ ದಾಯದ ಪುಡಿ ಎಂದು ಅಡ್ಡಹೆಸರು ಬಂದುದು ಸುಮ್ಮನೆ ಅಲ್ಲ. ಆಸ್ತಿಗಾಗಿ ಕಾದು ಬೇಸತ್ತವರ ಆಯುಧವಿದು.

ಇಂಗ್ಲೆಂಡಿನಲ್ಲಿ ೧೭೫೨ರಲ್ಲಿ ಮೇರಿ ಬ್ಲಾಂಡಿ ಎಂಬ ಹೆಂಗಸು ತಂದೆಗೆ ವಿಷವಿಕ್ಕಿದಳೆಂಬ ಆಪಾದನೆಯ ವಿಚಾರಣೆ ಆಕ್ಸ್‌ಫರ್ಡಿನಲ್ಲಿ ನಡೆಯಿತು. ಆಗ ಡಾಕ್ಟರ್ ಆಂಟನಿ ಆಡಿಂಗ್ಟನ್ ಎಂಬವನು ಒಂದು ಹೊಸ ಮಾರ್ಗವನ್ನು ಹಿಡಿದನು. ಅವನು ಗಂಜಿಯ ಪಾತ್ರೆಯ ತಳದಲ್ಲಿ ಸಿಕ್ಕಿದ ಪುಡಿಯನ್ನಷ್ಟೇ ಪರೀಕ್ಷಿಸಲಿಲ್ಲ. ಅಂಗಡಿಯಿಂದ ತಂದ ನಿಜವಾದ ಪಾಷಾಣವನ್ನೂ ಪಕ್ಕದಲ್ಲಿಟ್ಟುಕೊಂಡು, ಎರಡಕ್ಕೂ ಒಂದೇ ಸಂಸ್ಕಾರಗಳನ್ನು ಮಾಡಿ, ಎರಡೂ ಒಂದೇ ರೀತಿ ವರ್ತಿಸಿದುವೆಂದು ಸಾಕ್ಷಿ ನುಡಿದನು. ಮೇರಿಗೆ ಮರಣದಂಡನೆಯಾಯಿತು. ಆಡಿಂಗ್ಟನ್ನನ ಪರೀಕ್ಷೆಗಳು ಇಂದಿನ ಕಣ್ಣಿಗೆ ಒರಟು. ಆದರೆ ಗೊತ್ತಿಲ್ಲದುದನ್ನು ಗೊತ್ತಿರುವುದರ ಪಕ್ಕದಲ್ಲಿಟ್ಟು ನೋಡಬೇಕೆಂಬ ಅವನ ಕ್ರಮವು ಇಂದಿಗೂ ಪ್ರಯೋಗಶಾಲೆಗಳ ಮೊದಲ ಪಾಠ.

ಪುಡಿ ಕೈಗೆ ಸಿಕ್ಕಿದಾಗ ಮಾತು ಬೇರೆ. ಸತ್ತವನ ಹೊಟ್ಟೆಯಲ್ಲಿ, ಕಾಫಿಯ ಗಸಿಯಲ್ಲಿ ಕರಗಿಹೋದುದನ್ನು ಹಿಡಿಯುವುದು ಹೇಗೆ? ೧೮೩೦ರ ದಶಕದ ಆದಿಯಲ್ಲಿ ಲಂಡನ್ನಿನ ಸಮೀಪದ ಪ್ಲಮ್‌ಸ್ಟೆಡ್ ಎಂಬ ಊರಿನಲ್ಲಿ ಜಾರ್ಜ್ ಬೋಡಲ್ ಎಂಬ ವೃದ್ಧನು ಕಾಫಿ ಕುಡಿದು ಸತ್ತನು. ಮೊಮ್ಮಗನಾದ ಜಾನನ ಮೇಲೆ ಸಂದೇಹ ಬಂದಿತು. ವೂಲಿಚ್ಚಿನ ಸೈನಿಕ ಆಯುಧಾಗಾರದಲ್ಲಿ ರಸಾಯನಜ್ಞನಾಗಿದ್ದ ಜೇಮ್ಸ್ ಮಾರ್ಷನಿಗೆ ಆ ಕಾಫಿಯನ್ನು ಕಳುಹಿಸಿದರು. ಅವನು ಆಗಿನ ಪದ್ಧತಿಯಂತೆ ಗಂಧಕಜನಕವೆಂಬ ದುರ್ಗಂಧದ ಅನಿಲವನ್ನು ಅದರಲ್ಲಿ ಹಾಯಿಸಿದನು. ಪಾಷಾಣವಿದ್ದರೆ ಕಾಣಬೇಕಾದ ಹಳದಿಯ ಗಸಿ ಕಂಡಿತು. ಆದರೆ ವಿಚಾರಣೆಯ ದಿನದ ಹೊತ್ತಿಗೆ ಅದು ಕೆಟ್ಟುಹೋಗಿದ್ದಿತು. ಪಂಚರ ಕಣ್ಣಿಗೆ ತೋರಿಸಲು ಮಾರ್ಷನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಜಾನ್ ಬೋಡಲ್ ಬಿಡುಗಡೆಯಾದನು. ಮುಂದೆ ಬೇರೊಂದು ಅಪರಾಧದಲ್ಲಿ ಸಿಕ್ಕಿಬಿದ್ದು, ಅಜ್ಜನನ್ನು ಕೊಂದವನು ತಾನೇ ಎಂದು ಒಪ್ಪಿಕೊಂಡನು.

ಈ ಪರಾಭವವು ಮಾರ್ಷನನ್ನು ಸುಮ್ಮನಿರಗೊಡಲಿಲ್ಲ. ಸತುವಿನ ತುಂಡಿನ ಮೇಲೆ ಗಂಧಕಾಮ್ಲವನ್ನು ಹಾಕಿದರೆ ಜಲಜನಕವೆಂಬ ಅನಿಲ ಹುಟ್ಟುವುದು. ಅಲ್ಲಿ ಪಾಷಾಣವಿದ್ದ ಪಕ್ಷದಲ್ಲಿ ಅದು ಜಲಜನಕದೊಡನೆ ಕೂಡಿ ತಾನೂ ಅನಿಲವಾಗಿ ಹೊರಬೀಳುವುದು. ಈ ಅನಿಲವನ್ನು ೧೭೭೫ರಲ್ಲಿಯೇ ಷೀಲೆ ಎಂಬ ಸ್ವೀಡನ್ನಿನ ರಸಾಯನಜ್ಞನು ಕಂಡಿದ್ದನು. ಮಾರ್ಷನು ಮಾಡಿದುದೇನೆಂದರೆ, ಅದನ್ನು ಸಣ್ಣ ಕೊಳವೆಯ ಬಾಯಲ್ಲಿ ಉರಿಸಿ, ಆ ಉರಿಗೆ ತಣ್ಣನೆಯ ಪಿಂಗಾಣಿಯನ್ನು ಹಿಡಿದನು. ಪಿಂಗಾಣಿಯ ಮೇಲೆ ಹೊಳೆಯುವ ಕಪ್ಪು ಕಲೆ ಕನ್ನಡಿಯಂತೆ ಮೂಡಿತು. ಈ ಕನ್ನಡಿಯು ಕೆಡುವುದಿಲ್ಲ. ಪಂಚರ ಕೈಗೆ ಕೊಡಬಹುದು. ೧೮೩೬ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಮಿಲಿಗ್ರಾಮಿನ ಐವತ್ತನೆಯ ಒಂದು ಭಾಗದಷ್ಟು ಪಾಷಾಣವೂ ಸಿಕ್ಕುತ್ತಿದ್ದಿತು. ಎಂದರೆ, ಒಂದು ಗುಲಗಂಜಿಯ ತೂಕವನ್ನು ಸುಮಾರು ಆರು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸೊಸೈಟಿ ಆಫ್ ಆರ್ಟ್ಸ್‌ನವರು ಅವನಿಗೆ ಚಿನ್ನದ ಪದಕವನ್ನಿತ್ತರು. ಆದರೆ ಮಾರ್ಷನು ಅಲ್ಪವೇತನದಲ್ಲಿಯೇ ದುಡಿದು ೧೮೪೬ರಲ್ಲಿ ತೀರಿಕೊಂಡನು.

ಇಷ್ಟು ಸೂಕ್ಷ್ಮವಾದ ಕಣ್ಣು ಬಂದಮೇಲೆ ವಿವಾದವೇ ಮುಗಿಯಬೇಕಿತ್ತಷ್ಟೆ. ಆದುದು ತದ್ವಿರುದ್ಧ.

೧೮೪೦ರ ಜನವರಿಯಲ್ಲಿ ಫ್ರಾನ್ಸಿನ ಕೊರೆಜ್ ಪ್ರಾಂತದಲ್ಲಿ ಶಾರ್ಲ್ ಲಫಾರ್ಜ್ ಎಂಬ ಕಬ್ಬಿಣದ ಕಾರ್ಖಾನೆಯ ಯಜಮಾನನು ಸತ್ತನು. ಅವನ ಹೆಂಡತಿ ಮಾರಿಯು ಇಲಿಗಾಗಿ ಪಾಷಾಣವನ್ನು ತರಿಸಿದ್ದಳು. ತ್ಯುಲ್ ಪಟ್ಟಣದಲ್ಲಿ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆದಾಗ ಫ್ರಾನ್ಸಿಗೆ ಫ್ರಾನ್ಸೇ ಅತ್ತ ನೋಡುತ್ತಿದ್ದಿತು. ಮೊದಲು ಸ್ಥಳೀಯ ವೈದ್ಯರು ಹಳೆಯ ಪದ್ಧತಿಯಿಂದ ನೋಡಿ, ನಡುವೆ ಗಾಜಿನ ಕೊಳವೆಯೇ ಒಡೆದುಹೋದರೂ, ವಿಷವಿದೆಯೆಂದರು. ಅನಂತರ ಲಿಮೋಷಿನ ರಸಾಯನಜ್ಞರು ಮಾರ್ಷನ ಪರೀಕ್ಷೆಯನ್ನು ನಡಸಿ ಇಲ್ಲವೆಂದರು. ಹೂಳಿದ ಹೆಣವನ್ನು ಮೇಲಕ್ಕೆತ್ತಿಸಿ ನೋಡಿದರು, ಆಗಲೂ ಇಲ್ಲ. ಆದರೆ ಆಕೆ ಗಂಡನಿಗೆ ಕೊಟ್ಟ ಪಾನೀಯದಲ್ಲಿ ಬೇಕಾದಷ್ಟು ಪಾಷಾಣ ಕಂಡಿತು. ಕೊನೆಗೆ ಪ್ಯಾರಿಸ್ಸಿನಿಂದ ಓರ್ಫಿಲನನ್ನು ಕರೆಸಿದರು. ೧೮೧೪ರಲ್ಲಿ ವಿಷಗಳ ಮೇಲೆ ಮಹಾಗ್ರಂಥವನ್ನು ಬರೆಯಲಾರಂಭಿಸಿ ಯೂರೋಪಿನಲ್ಲೆಲ್ಲ ಪ್ರಮಾಣಪುರುಷನೆನಿಸಿದ್ದವನು ಅವನು. ನ್ಯಾಯಸ್ಥಾನದ ಕಟ್ಟಡದಲ್ಲಿಯೇ ಪ್ರಯೋಗವನ್ನು ನಡಸಿ, ಶರೀರದಲ್ಲಿ ಪಾಷಾಣವಿದೆಯೆಂದೂ, ಅದು ತನ್ನ ಆಮ್ಲಾದಿಗಳಿಂದ ಬಂದುದಲ್ಲವೆಂದೂ, ಗೋರಿಯ ಸುತ್ತಲಿನ ಮಣ್ಣಿನಿಂದ ಇಳಿದುದೂ ಅಲ್ಲವೆಂದೂ ಓರ್ಫಿಲನು ಹೇಳಿದನು. ಮಾರಿಗೆ ಯಾವಜ್ಜೀವ ಶಿಕ್ಷೆಯಾಯಿತು. ೧೮೫೨ರಲ್ಲಿ ಬಿಡುಗಡೆಯಾದ ಆಕೆ ಅದೇ ವರ್ಷ ತೀರಿಕೊಂಡಳು. ಆಕೆಯ ಪಕ್ಷವನ್ನು ವಹಿಸಬೇಕಾಗಿದ್ದ ರಸ್ಪಾಯಿ ಎಂಬ ವಿದ್ವಾಂಸನು ತೀರ್ಪಾದಮೇಲೆ ಊರಿಗೆ ಬಂದು ಮುಟ್ಟಿದನು. ಬೇಕಾದರೆ ನ್ಯಾಯಾಧೀಶನ ಕುರ್ಚಿಯಿಂದಲೂ ಪಾಷಾಣವನ್ನು ತೆಗೆದು ತೋರಿಸುವೆನೆಂದು ಅವನು ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಈ ಕಲಹವು ಹೊಸದಾಗಿ ಕಾಣದು. ನೆಲದ ಮೇಲೆ ಘಟವು ಕಾಣದಿದ್ದರೆ ಘಟವಿಲ್ಲವೆಂದು ಹೇಳಬಹುದು, ಬೆಳಕಿದ್ದಾಗ ಮಾತ್ರ. ಕತ್ತಲೆಯಲ್ಲಿ ಕಾಣದಿದ್ದುದು ಇಲ್ಲವೆಂಬುದಕ್ಕೆ ಸಾಧಕವಲ್ಲ. ಇದ್ದಿದ್ದರೆ ಕಂಡೇ ತೀರುತ್ತಿದ್ದಿತು ಎನ್ನುವ ಯೋಗ್ಯತೆಯಿದ್ದ ಅನುಪಲಬ್ಧಿಯೇ ಪ್ರಮಾಣ. ಲಿಮೋಷಿನವರು ಇಲ್ಲವೆಂದಾಗ, ಅವರ ಕೈಗೆ ಆ ನಾಜೂಕಾದ ಪರೀಕ್ಷೆಯು ಒಗ್ಗಿದ್ದಿತೇ ಎಂಬುದನ್ನು ಮೊದಲು ಕೇಳಬೇಕಿತ್ತು. ಇನ್ನು ಇದೆಯೆಂಬ ಪಕ್ಷದಲ್ಲಿಯೂ ಹೇತ್ವಾಭಾಸದ ಭಯವುಂಟು. ಆಂಟಿಮನಿ ಎಂಬ ಧಾತುವೂ ಮಾರ್ಷನ ಉಪಕರಣದಲ್ಲಿ ಕಪ್ಪು ಕಲೆಯನ್ನು ಬಿಡುತ್ತದೆ. ಆದುದರಿಂದ ಕಲೆಯೊಂದನ್ನೇ ಹೇತುವಾಗಿ ಹಿಡಿದರೆ ವ್ಯಭಿಚಾರದೋಷ ಬರುವುದು. ಬಟ್ಟೆಯನ್ನು ಬಿಳುಪು ಮಾಡುವ ಸೋಡಿಯಂ ಹೈಪೊಕ್ಲೋರೈಟಿನ ದ್ರಾವಣವನ್ನು ಹಾಕಿದರೆ ಪಾಷಾಣದ ಕಲೆ ಕರಗುವುದು, ಆಂಟಿಮನಿಯದು ಕರಗದು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಸತುವಿನಲ್ಲಿಯೂ ಗಂಧಕಾಮ್ಲದಲ್ಲಿಯೂ ಸ್ವಭಾವತಃ ಪಾಷಾಣದ ಲೇಶವು ಬೆರೆತಿರುವುದುಂಟು. ಆಗ ಪರೀಕ್ಷಕನು ತಾನೇ ತಂದ ವಿಷವನ್ನು ತಾನೇ ಕಂಡುಹಿಡಿದಂತಾಗುವುದು.

ಈ ಭಯವು ಬರಿಯ ತರ್ಕವಾಗಿ ಉಳಿಯಲಿಲ್ಲ. ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ಸ್ವೇನ್ ಟೇಲರ್ ಎಂಬ ಅಧ್ಯಾಪಕನಿದ್ದನು. ವಿಷವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಸ್ಥಾನಗಳಿಗೆ ಅವನ ಮಾತು ವೇದವಾಕ್ಯ. ೧೮೫೯ರಲ್ಲಿ ಡಾಕ್ಟರ್ ಸ್ಮೆಥರ್ಸ್ಟ್ ಎಂಬವನು, ಮನೆಯಲ್ಲಿ ಹೆಂಡತಿಯಿದ್ದಂತೆಯೇ, ಇಸಬೆಲ್ಲ ಬ್ಯಾಂಕ್ಸ್ ಎಂಬ ಸ್ಥಿತಿವಂತ ಹೆಂಗಸನ್ನು ಮದುವೆಯಾದವನು, ಆಕೆಗೆ ವಿಷವಿಕ್ಕಿದನೆಂದು ಸೆರೆಯಾದನು. ಸಾಯುವುದಕ್ಕೆ ಸ್ವಲ್ಪ ಮೊದಲು ಆಕೆ ಅವನ ಹೆಸರಿಗೆ ಮರಣಶಾಸನವನ್ನು ಬರೆದಿದ್ದಳು. ಸ್ಮೆಥರ್ಸ್ಟನ ಬಳಿ ಸಿಕ್ಕಿದ ಒಂದು ಸೀಸೆಯ ದ್ರವವನ್ನು ಟೇಲರನು ರೈನ್ಷನ ಪದ್ಧತಿಯಿಂದ ನೋಡಿದನು. ೧೮೪೧ರಲ್ಲಿ ಹೊರಬಂದ ಈ ಪದ್ಧತಿ ಮಾರ್ಷನದಕ್ಕಿಂತ ಸುಲಭ: ದ್ರವಕ್ಕೆ ಆಮ್ಲವನ್ನು ಬೆರಸಿ ಕುದಿಸಿ, ತಾಮ್ರವನ್ನು ಅದ್ದಿದರೆ ಪಾಷಾಣವು ತಾಮ್ರದ ಮೇಲೆ ಕಪ್ಪಾಗಿ ಕೂಡುವುದು. ಸೀಸೆಯಲ್ಲಿ ಪಾಷಾಣವಿದೆಯೆಂದು ಟೇಲರನು ಪ್ರಮಾಣಮಾಡಿ ನುಡಿದನು.

ಸೀಸೆಯಲ್ಲಿದ್ದುದು ಪೊಟ್ಯಾಸಿಯಂ ಕ್ಲೋರೇಟ್ ಎಂಬ ಔಷಧ. ಅದು ಆಮ್ಲದೊಡನೆ ಕೂಡಿ ಟೇಲರನು ಅದ್ದಿದ ತಾಮ್ರದ ಜಾಲರಿಯನ್ನೇ ಕರಗಿಸಿಬಿಟ್ಟಿದ್ದಿತು. ತಾಮ್ರದೊಳಗೆ ಅಡಗಿದ್ದ ಪಾಷಾಣವು ದ್ರವಕ್ಕೆ ಇಳಿದು, ಮುಂದೆ ಅದ್ದಿದ ತಾಮ್ರದ ಮೇಲೆ ಕೂತಿದ್ದಿತು. ವಿಚಾರಣೆ ಬರುವುದರೊಳಗೆ ಇದನ್ನು ಕಂಡುಕೊಂಡ ಟೇಲರನು ತುಂಬಿದ ಸಭೆಯಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡನು. ಹಾಗೆ ಒಪ್ಪಿಕೊಂಡುದು ಅವನಿಗೆ ಭೂಷಣವೇ. ಆದರೂ ಪಂಚರು ಸ್ಮೆಥರ್ಸ್ಟನನ್ನು ಅಪರಾಧಿಯೆಂದರು, ಗಲ್ಲಿನ ಶಿಕ್ಷೆಯಾಯಿತು. ವೃತ್ತಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಗೃಹಮಂತ್ರಿಯು ಸರ್ ಬೆಂಜಮಿನ್ ಬ್ರೋಡಿ ಎಂಬ ಶಸ್ತ್ರವೈದ್ಯನ ಅಭಿಪ್ರಾಯವನ್ನು ಕೇಳಿ, ಸಂದೇಹಕ್ಕೆ ಎಡೆಯುಂಟೆಂದು ಕ್ಷಮಾದಾನವನ್ನು ಕೊಡಿಸಿದನು. ದ್ವಿಪತ್ನೀತ್ವದ ಅಪರಾಧಕ್ಕಾಗಿ ಒಂದು ವರ್ಷ ಸೆರೆಯಲ್ಲಿದ್ದು ಹೊರಬಂದ ಸ್ಮೆಥರ್ಸ್ಟನು ಆ ಮರಣಶಾಸನದ ಹಣವನ್ನೂ ನ್ಯಾಯಸ್ಥಾನದ ಮೂಲಕವೇ ಪಡೆದುಕೊಂಡನು. ಅವನು ಕೊಂದನೋ ಇಲ್ಲವೋ ಇಂದಿಗೂ ನಿಶ್ಚಯವಿಲ್ಲ. ಇದಕ್ಕಿಂತ ಭಾರವಾದ ಪ್ರಶ್ನೆಯೊಂದುಂಟು: ಅಂಥ ತಾಮ್ರವನ್ನು ಅದ್ದಿ ನುಡಿದ ಹಿಂದಿನ ಸಾಕ್ಷ್ಯಗಳ ಗತಿಯೇನು?

ಅಂದಿನಿಂದ ಬೆಳೆದುಬಂದ ಕಟ್ಟಳೆಯೊಂದು ಇಂದು ಆಹಾರ, ಔಷಧ, ರಕ್ತ, ಮೂತ್ರ ಯಾವುದರ ಪರೀಕ್ಷೆಯಲ್ಲಿಯೂ ತಪ್ಪದೆ ನಡೆಯುತ್ತದೆ. ಪರೀಕ್ಷ್ಯವಸ್ತುವನ್ನು ಮಾತ್ರ ಬಿಟ್ಟು, ಉಳಿದ ಆಮ್ಲ, ಪಾತ್ರೆ, ನೀರುಗಳೆಲ್ಲವನ್ನೂ ಅದೇ ಕ್ರಮದಿಂದ ನಡಸಿ, ಏನೂ ಕಾಣಬಾರದೆಂದು ನೋಡುವರು. ಇದಕ್ಕೆ ಶೂನ್ಯಪರೀಕ್ಷೆಯೆನ್ನಬಹುದು. ಗೊತ್ತಾದ ಪ್ರಮಾಣದ ವಿಷವನ್ನು ಬೇಕೆಂದೇ ಬೆರಸಿ, ಅದು ಕಂಡೇ ತೀರಬೇಕೆಂದೂ ನೋಡುವರು. ಶಾಸ್ತ್ರಕಾರರ ಅನ್ವಯವ್ಯತಿರೇಕಗಳೇ ಇವು. ವ್ಯತಿರೇಕವಿಲ್ಲದ ಅನ್ವಯವನ್ನು ನಂಬಿದುದೇ ಟೇಲರನ ಎಡವು.

ಈವರೆಗಿನವು ಕೊಲೆಯ ಕಥೆಗಳು. ಅಂಗಡಿಯ ತಿಂಡಿಯಲ್ಲಿಯೂ ಪಾಷಾಣ ಬಂದಿತು. ೧೮೫೮ರಲ್ಲಿ ಬ್ರಾಡ್‌ಫರ್ಡಿನಲ್ಲಿ ಮಿಠಾಯಿಯ ಸಕ್ಕರೆಗೆ ಜಿಪ್ಸಮ್ಮಿನ ಪುಡಿಯನ್ನು ಬೆರಸುವ ಬದಲು ಔಷಧದಂಗಡಿಯವರ ಪ್ರಮಾದದಿಂದ ಹನ್ನೆರಡು ಪೌಂಡು ಪಾಷಾಣವು ಬೆರೆತು, ಸುಮಾರು ಇಪ್ಪತ್ತು ಜನ ಸತ್ತರು. ೧೯೦೦ರಲ್ಲಿ ಮ್ಯಾಂಚೆಸ್ಟರಿನ ಕಡೆ ಆರು ಸಾವಿರಕ್ಕೂ ಹೆಚ್ಚು ಜನ ಕೈಕಾಲು ಜೋಮು ಹಿಡಿದು ನರಳಿದರು. ಸುಮಾರು ಎಪ್ಪತ್ತು ಜನ ಸತ್ತರು. ಕುಡುಕರ ರೋಗವೆಂದು ವೈದ್ಯರು ತಳ್ಳಿಹಾಕಿದ್ದರು. ಬಿಯರ್ ಕುಡಿಯುವವರಿಗೆ ಮಾತ್ರ ಇದು ಬರುವುದೇಕೆಂದು ಡಾಕ್ಟರ್ ರೆನಾಲ್ಡ್ಸ್ ವಿಚಾರಿಸಿ, ಬಿಯರನ್ನು ಪರೀಕ್ಷಿಸಿ, ಪಾಷಾಣವನ್ನು ಕಂಡನು. ಬಿಯರಿಗೆ ಹಾಕುವ ಸಕ್ಕರೆಯನ್ನು ಮಾಡುವಾಗ ಬಳಸಿದ ಗಂಧಕಾಮ್ಲವೇ ಮೂಲ! ಪರೀಕ್ಷಕರನ್ನು ಕಾಡಿದ ವಸ್ತುವೇ ಜನರ ಲೋಟಕ್ಕೂ ಇಳಿದಿದ್ದಿತು. ಲಾರ್ಡ್ ಕೆಲ್ವಿನ್ನನ ಅಧ್ಯಕ್ಷತೆಯ ರಾಜಮಂಡಲಿಯು ೧೯೦೩ರಲ್ಲಿ, ಪೌಂಡು ಆಹಾರಕ್ಕೆ ಅಥವಾ ಗ್ಯಾಲನ್ ಪಾನೀಯಕ್ಕೆ ಗ್ರೇನಿನ ನೂರನೆಯ ಒಂದು ಭಾಗವನ್ನು ಮಿತಿಯೆಂದು ಸೂಚಿಸಿತು. ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹೋಗಿ ಎಷ್ಟಿದೆ ಎಂಬ ಪ್ರಶ್ನೆ ಬಂದಿತು. ಈಗ ಅಷ್ಟೂ ಸಾಲದು. ಯಾವ ರೂಪದಲ್ಲಿದೆ ಎಂದೂ ಕೇಳುತ್ತಾರೆ. ಸಮುದ್ರದ ಮೀನಿನಲ್ಲಿರುವ ಪಾಷಾಣದ ಬಹುಭಾಗ ನಿರಪಾಯದ ರೂಪದ್ದು. ಅಕ್ಕಿಯಲ್ಲಿ ಅಪಾಯದ ರೂಪವೂ ಇರುತ್ತದೆ. ಆದುದರಿಂದಲೇ ೨೦೧೪ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಮಂಡಲಿಯು ಪಾಲಿಷ್ ಮಾಡಿದ ಅಕ್ಕಿಗೆ, ಕಿಲೋಗ್ರಾಮಿಗೆ ೦.೨ ಮಿಲಿಗ್ರಾಂ ಎಂಬ ಮಿತಿಯನ್ನು ಆ ರೂಪಕ್ಕೆ ಮಾತ್ರ ವಿಧಿಸಿತು.

ಮಾರ್ಷನ ಅನಿಲವು ಇಂದಿಗೂ ಪ್ರಯೋಗಶಾಲೆಯನ್ನು ಬಿಟ್ಟಿಲ್ಲ. ೧೯೫೫ರಲ್ಲಿ ಆಲನ್ ವಾಲ್ಷ್ ನಿರೂಪಿಸಿದ ಪರಮಾಣುಶೋಷಣದ ಯಂತ್ರಕ್ಕೂ ಪಾಷಾಣವನ್ನು ಅನೇಕವೇಳೆ ಅದೇ ಅನಿಲವನ್ನಾಗಿ ಮಾಡಿಯೇ ಕಳುಹಿಸುವರು. ೧೮೭೯ರಲ್ಲಿ ಗುಟ್ಸೈಟನು ಆ ಅನಿಲವನ್ನು ಲವಣ ಸವರಿದ ಕಾಗದಕ್ಕೆ ಹಾಯಿಸಿ ಬಣ್ಣದಿಂದ ಗುರುತಿಸಿದನು. ಆ ಕಾಗದವೇ ಬಂಗಾಳದ ಹಳ್ಳಿಗಳಲ್ಲಿ ಕೆಲಸಕ್ಕೆ ಬಂದಿತು.

ಕಲ್ಕತ್ತೆಯಲ್ಲಿ ೧೯೮೩ರಲ್ಲಿ ಡಾಕ್ಟರ್ ಕೆ. ಸಿ. ಸಾಹಾ ಅವರು ಚರ್ಮದ ಮೇಲೆ ಕಲೆಗಳೆದ್ದ ಹಳ್ಳಿಗರಲ್ಲಿ ಪಾಷಾಣದ ರೋಗವನ್ನು ಗುರುತಿಸಿದರು. ಯಾರೂ ವಿಷವಿಕ್ಕಿರಲಿಲ್ಲ, ಭೂಮಿಯೇ ಕೊಳವೆಬಾವಿಯ ನೀರಿನಲ್ಲಿ ಇಕ್ಕಿದ್ದಿತು. ಕರ್ನಾಟಕದಲ್ಲಿಯೂ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡದ ನೀರಿನಲ್ಲಿ, ಚಿನ್ನದ ಗಣಿಗಾರಿಕೆ ನಡೆದ ನೆಲದಲ್ಲಿ, ಪಾಷಾಣವು ಕಂಡುಬಂದಿದೆ. ನೆರೆಯ ಬಾಂಗ್ಲಾದೇಶದಲ್ಲಿ ೧೯೯೨ರಲ್ಲಿ ಬ್ರಿಟಿಷ್ ಭೂಶಾಸ್ತ್ರ ಸಂಸ್ಥೆಯವರು ಬಾವಿಗಳ ನೀರನ್ನು ನಾನಾ ಧಾತುಗಳಿಗಾಗಿ ಪರೀಕ್ಷಿಸಿದರು. ಪಾಷಾಣಕ್ಕಾಗಿ ಮಾತ್ರ ನೋಡಲಿಲ್ಲ. ನೀರನ್ನು ಕುಡಿದು ರೋಗಿಯಾದವನೊಬ್ಬನು ಇಂಗ್ಲೆಂಡಿನಲ್ಲಿ ದಾವೆ ಹೂಡಿದನು. ಆ ಬಾವಿಯ ನೀರು ಕುಡಿಯಲು ಯೋಗ್ಯವೆಂದು ಸಂಸ್ಥೆಯು ಯಾರಿಗೂ ಹೊಣೆಯಾಗಿರಲಿಲ್ಲವೆಂದು ೨೦೦೬ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ದಾವೆಯನ್ನು ತಳ್ಳಿಹಾಕಿತು. ಅಷ್ಟರೊಳಗೆ ಆ ದೇಶದವರು ಕಾಗದದ ಪೆಟ್ಟಿಗೆಗಳನ್ನು ಹಿಡಿದು ಹಳ್ಳಿಹಳ್ಳಿಗೆ ಹೋಗಿ ಸುಮಾರು ಐವತ್ತು ಲಕ್ಷ ಕೊಳವೆಬಾವಿಗಳನ್ನು ನೋಡಿ ಮುಗಿಸಿದ್ದರು. ನೀರು ಕುಡಿಯಬಹುದಾದ ಬಾವಿಯ ಬಾಯಿಗೆ ಹಸುರು ಬಣ್ಣವನ್ನೂ, ಕುಡಿಯಬಾರದ ಬಾವಿಯ ಬಾಯಿಗೆ ಕೆಂಪು ಬಣ್ಣವನ್ನೂ ಬಳಿದರು. ಸುಮಾರು ಹದಿನಾಲ್ಕು ಲಕ್ಷ ಬಾವಿಗಳು ಕೆಂಪಾದುವು.