ಕೊಡಗಿನಲ್ಲಿ ಪೆನಿಸಿಲಿನ್ ವರ್ಗದ ಔಷಧಗಳ ಬಳಕೆ

ಪೆನಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ ಬೆಳೆಯದಂತೆ ತಡೆಯುತ್ತವೆ. ವೈರಸ್‌ಗೆ ಆ ಭಿತ್ತಿಯೇ ಇಲ್ಲ; ನೆಗಡಿ, ಫ್ಲೂಗಳಿಗೆ ಇವು ಕೆಲಸಕ್ಕೆ ಬಾರವು.

ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಅಲ್ಲಿನ ದೊಡ್ಡ ಕಾಫಿ ತೋಟಗಳ ಮಾಲೀಕರ ಮೇಲೆ ಹಾಕಿತು. ಔಷಧ ತಯಾರಿಕೆಯ ಕಡೆ ನೋಡಿದರೆ, 1955ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಪೆನಿಸಿಲಿನ್ ತಯಾರಿಕೆ ಆರಂಭಿಸಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಸ್ಥಾಪನೆಯಾಯಿತು. ಕೊಡಗಿನ ಜಿಲ್ಲಾಕೇಂದ್ರ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ.

ಈ ಔಷಧಗಳ ಬಳಕೆಯಲ್ಲಿ ಹೆಚ್ಚು ಗೊಂದಲವಿರುವುದು "ಕೋರ್ಸ್ ಮುಗಿಸಿ" ಎಂಬ ಸಲಹೆಯ ಸುತ್ತ. ಅಮೆರಿಕದ ವಯೋಮಿಂಗ್‌ನ ಸೇನಾ ವಾಯುನೆಲೆಯಲ್ಲಿ, ಸ್ಟ್ರೆಪ್ಟೊಕಾಕಸ್ ಗಂಟಲು ನೋವಿಗೆ ಪೆನಿಸಿಲಿನ್ ಕೊಟ್ಟರೆ ಹೃದಯ ಕೆಡಿಸುವ ರುಮ್ಯಾಟಿಕ್ ಜ್ವರ ತಡೆಯಬಹುದೆಂದು 1950ರ ಸುಮಾರಿಗೆ ತಿಳಿಯಿತು. ಆ ರೋಗಕ್ಕೆ 10 ದಿನದ ಮಾತ್ರೆ, ಇಲ್ಲವೇ ಬೆಂಜಥೀನ್ ಪೆನಿಸಿಲಿನ್ನಿನ ಒಂದು ಇಂಜೆಕ್ಷನ್, ಈಗಲೂ ರೂಢಿಯಲ್ಲಿದೆ. ಆದರೆ ದೀರ್ಘ ಕೋರ್ಸಿನ ನಿಯಮ ಬೇರೆ ಸೋಂಕುಗಳಿಗೂ ಆಧಾರವಿಲ್ಲದೆ ಹಬ್ಬಿತು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಲೇಖನವೊಂದು ಇದನ್ನು ನೇರವಾಗಿ ಪ್ರಶ್ನಿಸಿತು. ಸಾಧಾರಣ ನ್ಯುಮೋನಿಯಾಕ್ಕೆ ಈಗ 5 ದಿನ ಸಾಕಾಗುವುದುಂಟು. ಅವಧಿ ರೋಗವನ್ನು ಅವಲಂಬಿಸಿದೆ. ಅದನ್ನು ಗೊತ್ತುಪಡಿಸಬೇಕಾದವರು ವೈದ್ಯರು, ಜ್ವರ ಇಳಿದ ರೋಗಿಯಲ್ಲ.

ಅಲರ್ಜಿಯ ವಿಷಯದಲ್ಲೂ ದಾಖಲೆಗಳು ಕಲಸಿಹೋಗಿವೆ. ಪೆನಿಸಿಲಿನ್‌ನಿಂದ ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಎರವಾಗಬಲ್ಲ ತೀವ್ರ ಅಲರ್ಜಿ) ಆಗಿ ಸಂಭವಿಸಿದ ಸಾವು 1949ರಷ್ಟು ಹಿಂದೆಯೇ ವರದಿಯಾಗಿತ್ತು. ಭಾರತದ ಆಸ್ಪತ್ರೆಗಳಲ್ಲಿ ಇಂಜೆಕ್ಷನ್‌ಗೆ ಮುನ್ನ ಚರ್ಮದಡಿ "ಟೆಸ್ಟ್ ಡೋಸ್" ಕೊಡುವುದು ಅಭ್ಯಾಸ. ಅದು ಸರಿ ಬಂದರೂ ಅಪಾಯ ಪೂರ್ತಿ ಕಳೆಯದು, ಪರೀಕ್ಷೆಯೇ ಪ್ರತಿಕ್ರಿಯೆ ಎಬ್ಬಿಸಲೂಬಹುದು. ಹಾಗಾಗಿ ಅಂಥ ಪ್ರತಿಕ್ರಿಯೆಗೆ ಕೊಡುವ ಅಡ್ರಿನಲಿನ್ ಕೈಗೆಟುಕುವಂತಿರಬೇಕು, ಇಂಜೆಕ್ಷನ್ ಪಡೆದವರು ಅರ್ಧ ಗಂಟೆ ಕೂರಬೇಕು. ಇನ್ನೊಂದೆಡೆ, ವೈರಸ್ಸಿನಿಂದ ಬರುವ ಗ್ರಂಥಿಜ್ವರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಮೈಮೇಲೆ ದದ್ದು ಏಳುವುದುಂಟು. ಅದನ್ನೂ "ಪೆನಿಸಿಲಿನ್ ಅಲರ್ಜಿ" ಎಂದೇ ಚೀಟಿಯಲ್ಲಿ ಬರೆದುಬಿಡುತ್ತಾರೆ. ಅಂಥ ಹಣೆಪಟ್ಟಿ ಹೊತ್ತವರಲ್ಲಿ ಹೆಚ್ಚಿನವರು ತಜ್ಞರ ಪರೀಕ್ಷೆಯಲ್ಲಿ ಔಷಧವನ್ನು ಸಹಿಸಿಕೊಂಡಿದ್ದಾರೆ. ಉಸಿರು ಕಟ್ಟಿದ, ಮುಖ ಊದಿದ ಅನುಭವವಿದ್ದವರ ಮಾತು ಬೇರೆ. ಅವರು ತಾವಾಗಿ ಅದನ್ನು ಮತ್ತೆ ಮುಟ್ಟುವಂತಿಲ್ಲ. ಇಂಥ ಪ್ರತಿಕ್ರಿಯೆಗಳೂ ಸೇರಿದಂತೆ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಭಾರತದ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು.

ಮಾರಾಟದ ನಿಯಮವನ್ನು ಅನೇಕ ಬರಹಗಳು ತಪ್ಪಾಗಿ ಹೇಳುತ್ತವೆ. ಭಾರತದ ಔಷಧ ನಿಯಮಗಳಡಿ 2014ರ ಮಾರ್ಚ್ 1ರಿಂದ ಜಾರಿಯಾದ ಎಚ್-1 ಪಟ್ಟಿಯ ಔಷಧ ಮಾರಿದರೆ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕು. ಅಮಾಕ್ಸಿಸಿಲಿನ್ ಆ ಪಟ್ಟಿಯಲ್ಲಿಲ್ಲ, ಹಳೆಯ ಎಚ್ ಪಟ್ಟಿಯಲ್ಲೇ ಇದೆ: ಆ ಪ್ರತ್ಯೇಕ ರಿಜಿಸ್ಟರ್ ಬೇಡ, ಆದರೆ ವೈದ್ಯರ ಚೀಟಿ ಕಡ್ಡಾಯ.