ನಾಲ್ಕು ಪದದ ಕಮಾಂಡ್, ಹದಿನೈದು ವರ್ಷದ ಕಥೆ

1/6
ಗಿಟ್ ಪುಶ್ ಹೆರೋಕು ಮಾಸ್ಟರ್.

ಇಷ್ಟೇ. ಟರ್ಮಿನಲ್‌ನಲ್ಲಿ ಈ ನಾಲ್ಕು ಪದ ಟೈಪ್ ಮಾಡಿ ಎಂಟರ್ ಒತ್ತಿದ್ರೆ, ಸ್ವಲ್ಪ ಹೊತ್ತಲ್ಲೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದ ಕೋಡ್ ಊರಿಗೆಲ್ಲ ಕಾಣೋ ವೆಬ್‌ಸೈಟ್ ಆಗಿಬಿಡ್ತಿತ್ತು. ನಾವು ಇವತ್ತು ಪ್ರಾಜೆಕ್ಟ್ ಡಿಪ್ಲಾಯ್ ಮಾಡೋ ರೀತಿಯ ಬೇರು ಬಹುಮಟ್ಟಿಗೆ ಈ ಒಂದು ಸಾಲಿನಲ್ಲಿದೆ. ರಾಜರ ಕಥೆಗೆ ಮಾತ್ರ ಇತಿಹಾಸ ಅನ್ನಬೇಕಾ? ಈ ಸಲ ಒಂದು ಕಮಾಂಡ್‌ನ ಇತಿಹಾಸ ನೋಡೋಣ 👇

2/6
ಮೊದಲು ಹೇಗಿತ್ತು?

2006ರ ಆಗಸ್ಟ್‌ನಲ್ಲಿ ಅಮೆಜಾನ್ ತನ್ನ ಇಸಿ2 ಸೇವೆಯನ್ನು ಬೀಟಾ ರೂಪದಲ್ಲಿ ಶುರು ಮಾಡಿತು. ಸರ್ವರ್ ಕೊಳ್ಳೋದೇ ಬೇಡ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತೆ ಅನ್ನೋದು ದೊಡ್ಡ ಸುದ್ದಿ. ಆದರೆ ಸಿಕ್ತಿದ್ದದ್ದು ಖಾಲಿ ಮನೆ. ವೆಬ್ ಸರ್ವರ್ ಹಾಕಬೇಕು, ಡೇಟಾಬೇಸ್ ಹಾಕಬೇಕು, ಭಾಷೆಯ ಸರಿಯಾದ ಆವೃತ್ತಿ ಹುಡುಕಬೇಕು, ಫೈಲ್‌ಗಳನ್ನು ಸಾಗಿಸಬೇಕು. ಇಷ್ಟೆಲ್ಲ ಆದ ಮೇಲೂ "ನನ್ನ ಮೆಷಿನ್‌ನಲ್ಲಿ ಓಡುತ್ತೆ, ಅಲ್ಲಿ ಯಾಕೆ ಓಡ್ತಿಲ್ಲ?" ಅನ್ನೋ ಗೋಳು ಬೇರೆ.

3/6
2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇಮ್ಸ್ ಲಿಂಡನ್‌ಬಾಮ್, ಆಡಮ್ ವಿಗಿನ್ಸ್, ಓರಿಯನ್ ಹೆನ್ರಿ ಎಂಬ ಮೂವರು ಹೆರೋಕು ಕಟ್ಟಿದರು. ಹೆಸರು ಬಂದದ್ದು "ಹೀರೋಯಿಕ್" ಮತ್ತು "ಹೈಕು" ಎರಡನ್ನೂ ಬೆಸೆದು. ಆಗ ಅದು ರೂಬಿ ಭಾಷೆಗೆ ಮಾತ್ರ.

ತಮಾಷೆ ಏನು ಗೊತ್ತಾ? ಅವರು ಮೊದಲು ಮಾಡಿದ್ದು ಕಮಾಂಡ್ ಲೈನ್ ಅಲ್ಲವೇ ಅಲ್ಲ! ಬ್ರೌಸರ್‌ನಲ್ಲೇ ಕೋಡ್ ಬರೆಯೋ ಎಡಿಟರ್. ಆಮೇಲೆ ಅದನ್ನು ಬಿಟ್ಟು ಗಿಟ್ ಹಿಡಿದರು. ಗಿಟ್ ಅಂದ್ರೆ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಬರೆದ ಸಾಧನ. ಕೋಡ್‌ನ ಬದಲಾವಣೆಗಳನ್ನು ಇಡೋಕೆ, ಹಂಚಿಕೊಳ್ಳೋಕೆ ಇದ್ದದ್ದು. ಡೆವಲಪರ್‌ಗಳು ದಿನಾ ಹೇಗೂ "ಪುಶ್" ಮಾಡ್ತಾರೆ; ಆ ಪುಶ್ಶೇ ಡಿಪ್ಲಾಯ್ ಆಗಲಿ ಅನ್ನೋದು ಇವರ ಜಾಣತನ.

4/6
ಎಂಟರ್ ಒತ್ತಿದ ಮೇಲೆ ಆಚೆ ಕಡೆ ಏನಾಗ್ತಿತ್ತು?

🔹 ಕೋಡ್ ತಲುಪುತ್ತಿದ್ದಂತೆ ಬಿಲ್ಡ್‌ಪ್ಯಾಕ್ ಎಂಬ ಸ್ಕ್ರಿಪ್ಟ್ ಫೈಲ್‌ಗಳನ್ನು ನೋಡುತ್ತೆ. ಜೆಮ್‌ಫೈಲ್ ಇದ್ರೆ ರೂಬಿ, ರಿಕ್ವೈರ್‌ಮೆಂಟ್ಸ್ ಫೈಲ್ ಇದ್ರೆ ಪೈಥಾನ್.
🔹 ಬೇಕಾದ ಲೈಬ್ರರಿಗಳನ್ನೆಲ್ಲ ಇಳಿಸಿ, "ಸ್ಲಗ್" ಎಂಬ ಒಂದೇ ಗಂಟು ಕಟ್ಟುತ್ತೆ.
🔹 ಆ ಗಂಟು "ಡೈನೋ" ಎಂಬ ಲಿನಕ್ಸ್ ಕಂಟೇನರ್‌ನಲ್ಲಿ ಬಿಚ್ಚಿಕೊಳ್ಳುತ್ತೆ. ಯಾವ ಕಮಾಂಡ್‌ನಿಂದ ಆ್ಯಪ್ ಶುರು ಮಾಡಬೇಕು ಅಂತ ಪ್ರಾಕ್‌ಫೈಲ್ ಹೇಳುತ್ತೆ.

ಬಿಲ್ಡ್ ಕೆಟ್ಟರೆ ನಿಮ್ಮ ಪುಶ್ ವಾಪಸ್; ಹಳೆಯ ಆವೃತ್ತಿ ತನ್ನ ಪಾಡಿಗೆ ಓಡ್ತಾನೇ ಇರುತ್ತೆ. ಖಾಲಿ ಮನೆಗೆ ಸಾಮಾನು ಹೊರೋ ಕೆಲಸ ಎಲ್ಲೂ ಮಾಯವಾಗಲಿಲ್ಲ. ಬೇರೆಯವರು ಹೊತ್ತರು, ಅಷ್ಟೇ. ಹೆರೋಕು ಕೂಡ ಓಡ್ತಿದ್ದದ್ದು ಅದೇ ಅಮೆಜಾನ್ ಸರ್ವರ್‌ಗಳ ಮೇಲೆ!

5/6
2010ರ ಡಿಸೆಂಬರ್‌ನಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಹೆರೋಕುವನ್ನು ಸುಮಾರು 21.2 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಮುಂದಿನ ವರ್ಷ ರೂಬಿ ಭಾಷೆಯ ಸೃಷ್ಟಿಕರ್ತ ಯುಕಿಹಿರೊ ಮತ್ಸುಮೊತೊ ಅವರೇ ಹೆರೋಕು ಸೇರಿದರು. 2011ರಲ್ಲೇ ನೋಡ್, ಜಾವಾ, ಪೈಥಾನ್‌ಗಳಿಗೂ ಬಾಗಿಲು ತೆರೆಯಿತು.

ಅದೇ ಹೊತ್ತಿಗೆ ಆಡಮ್ ವಿಗಿನ್ಸ್ "ಟ್ವೆಲ್ವ್ ಫ್ಯಾಕ್ಟರ್ ಆ್ಯಪ್" ಎಂಬ ಹನ್ನೆರಡು ನಿಯಮ ಬರೆದಿಟ್ಟರು. ಪಾಸ್‌ವರ್ಡ್ ಕೋಡ್‌ನಲ್ಲಿ ಬರೀಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ. ಬೇಕಾದ ಲೈಬ್ರರಿಗಳನ್ನು ಸ್ಪಷ್ಟವಾಗಿ ಪಟ್ಟಿ ಮಾಡಿ. ಉಳಿಯಬೇಕಾದ ಡೇಟಾವನ್ನು ಆ್ಯಪ್‌ನ ಡಿಸ್ಕ್‌ನಲ್ಲಿ ಇಡಬೇಡಿ. ಈ ಕೊನೇದು ಬರೀ ಉಪದೇಶ ಅಲ್ಲ: ಡೈನೋ ದಿನಕ್ಕೊಮ್ಮೆಯಾದರೂ ರೀಸ್ಟಾರ್ಟ್ ಆಗುತ್ತೆ, ಆಗ ಅದರ ಡಿಸ್ಕ್‌ಗೆ ಬರೆದ ಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ. ಯೂಸರ್ ಹಾಕಿದ ಫೋಟೋ ಸಂಜೆ ಇತ್ತು, ಬೆಳಗ್ಗೆ ಇಲ್ಲ!

6/6
ಹೆರೋಕುವಿನಲ್ಲಿ ಉಚಿತ ಡೈನೋ ಇತ್ತು. 30 ನಿಮಿಷ ಯಾರೂ ಬರದಿದ್ರೆ ನಿದ್ದೆ ಹೋಗ್ತಿತ್ತು, ಯಾರಾದ್ರೂ ಬಂದ್ರೆ ಆಕಳಿಸುತ್ತಾ ಎದ್ದೇಳ್ತಿತ್ತು. ಕ್ರೆಡಿಟ್ ಕಾರ್ಡ್ ಇಲ್ಲದ ವಿದ್ಯಾರ್ಥಿಗೂ ಅಲ್ಲಿ ಜಾಗ ಇತ್ತು. 2022ರ ಆಗಸ್ಟ್‌ನಲ್ಲಿ ಕಂಪನಿ ಇದನ್ನು ನಿಲ್ಲಿಸುವುದಾಗಿ ಹೇಳಿತು. ನವೆಂಬರ್ 28ರಿಂದ ನಿಲ್ಲಿಸಲು ಶುರು ಮಾಡಿತು. ದುರುಪಯೋಗ, ಮೋಸ ತಡೆಯೋದೇ ಭಾರವಾಗಿದೆ ಅನ್ನೋದು ಅವರು ಕೊಟ್ಟ ಕಾರಣ.

ಆಗ ಯಾರಿಗೆ ಕಷ್ಟ ಕಡಿಮೆ ಆಯ್ತು ಅಂದ್ಕೊಂಡ್ರಿ? ಆ ಹನ್ನೆರಡು ನಿಯಮ ಪಾಲಿಸಿದ್ದವರಿಗೆ. ಅವರ ಆ್ಯಪ್ ಒಂದು ಮನೆಗೆ ಅಂಟಿಕೊಂಡಿರಲಿಲ್ಲ, ಗಂಟು ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದಿತ್ತು. ಡೊಕ್ಕು ಎಂಬ ಓಪನ್ ಸೋರ್ಸ್ ಸಾಧನದಲ್ಲಿ ಅದೇ ಪ್ರಾಕ್‌ಫೈಲ್, ಅದೇ ಗಿಟ್ ಪುಶ್ ಈಗಲೂ ನಡೆಯುತ್ತೆ, ನಿಮ್ಮದೇ ಸರ್ವರ್ ಮೇಲೆ.

ಬಾಡಿಗೆ ಮನೆ ತಪ್ಪಲ್ಲ ಗೆಳೆಯರೇ. ಆದರೆ ಖಾಲಿ ಮಾಡಿ ಅಂದ ದಿನ ಏನೇನು ಎತ್ತಿಕೊಂಡು ಹೋಗಬೇಕು ಅನ್ನೋದು ಗೊತ್ತಿರಬೇಕು. ಮುಂದಿನ ಸಲ ಡಿಪ್ಲಾಯ್ ಮಾಡುವಾಗ ಎಂಟರ್ ಒತ್ತಿ ರೀಲ್ಸ್ ನೋಡೋಕೆ ಹೋಗಬೇಡಿ. ಟರ್ಮಿನಲ್‌ನಲ್ಲಿ ಓಡೋ ಆ ಸಾಲುಗಳನ್ನು ಒಮ್ಮೆ ಓದಿ. ನಿಮ್ಮ ಗಂಟು ಹೇಗೆ ಕಟ್ಟುತ್ತಿದೆ ಅಂತ ಅಲ್ಲೇ ಬರೆದಿರುತ್ತೆ.

ನಿಮ್ಮ ಮೊದಲ ಡಿಪ್ಲಾಯ್ ಯಾವುದು? ಕಾಮೆಂಟ್‌ನಲ್ಲಿ ಹೇಳಿ 💬 ಪ್ರಾಜೆಕ್ಟ್ ಟೀಮ್‌ನವರಿಗೆ ಟ್ಯಾಗ್ ಮಾಡಿ.

#ಟೆಕ್ಇತಿಹಾಸ #ಕನ್ನಡದಲ್ಲಿಕೋಡಿಂಗ್ #ಕಮಾಂಡ್‌ಲೈನ್