ಧಾತು ಈಶ್ವರದ ಬರವೂ ಲಾವಣಿಯ ಕಾಲಗಣನೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ, ಮಳೆಯನ್ನೇ ನಂಬಿ ರಾಗಿ ಬಿತ್ತುವ ಬಯಲುಸೀಮೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಕಾಲದ್ದು. ಶಾಸನಗಳು ಶಕವರ್ಷವನ್ನು ಹೇಳುತ್ತವೆ. ಸರ್ಕಾರದ ಕಾಗದಪತ್ರಗಳು ಕ್ರಿಸ್ತಶಕವನ್ನು ಹೇಳುತ್ತವೆ. ಹಳ್ಳಿಯ ಕಥನಗೀತವಾದರೋ ಸಂವತ್ಸರದ ಹೆಸರೊಂದನ್ನು ನುಡಿದು ಮುಂದೆ ಸಾಗುತ್ತದೆ. ಕೇಳುವವರಿಗೆ ಅಷ್ಟು ಸಾಕಾಗಿತ್ತು. ನಮಗೆ ಸಾಲದು, ಏಕೆಂದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ.

ಹಳೆಯ ಮೈಸೂರಿನಲ್ಲಿ 'ಧಾತು ಈಶ್ವರದ ಬರ' ಎಂಬ ಮಾತು ಪ್ರಸಿದ್ಧವಾದುದು. ತಮಿಳು ನಾಡಿನವರೂ ಈ ಕ್ಷಾಮವನ್ನು ಧಾತು ವರ್ಷದ ಹೆಸರಿನಿಂದಲೇ ಕರೆದರು. ಧಾತು 1876-77ರಲ್ಲಿಯೂ ಈಶ್ವರ 1877-78ರಲ್ಲಿಯೂ ಬಂದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಾಗಿದ್ದ ಏರಿಕೆಯನ್ನು ಬದಿಗಿಟ್ಟರೂ ಕುಂದಿದವರ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲು. ಅಂಕಿಗಳಿವೆ, ಸತ್ತ ಕೂಲಿಯವನ ಹೆಸರಿಲ್ಲ. ಗ್ರಾಮೀಣ ಪದಗಳ ಕಡೆಗೆ ಚರಿತ್ರಕಾರನು ಕಿವಿಗೊಡಬೇಕಾದದ್ದು ಇಂಥ ಕಡೆಯಲ್ಲಿಯೇ.

ಆದರೆ ಹಾಡಿನಲ್ಲಿ ಧಾತು ಎಂದು ಬಂದ ಮಾತ್ರಕ್ಕೆ 1876 ಎಂದು ನಿರ್ಣಯಿಸಬಹುದೆ? ಧಾತು 1816-17ರಲ್ಲಿಯೂ ಬಂದಿತ್ತು, 1936-37ರಲ್ಲಿ ಮತ್ತೆ ಬಂದಿತು, 1996-97ರಲ್ಲಿ ಇನ್ನೊಮ್ಮೆ ಬಂದುಹೋಯಿತು. ಹೆಸರಿಗಿಂತ ಹಾಡಿನ ಒಳಗಣ ಸಾಕ್ಷ್ಯವೇ ಇಲ್ಲಿ ಬಲವಾದುದು. ಗಂಜಿಯ ಕೇಂದ್ರ, ಕ್ಷಾಮದ ಕೂಲಿಗೆ ಮಣ್ಣು ಹೊತ್ತ ರೈಲ್ವೆಯ ಕೆಲಸ, ಇವು ಬಂದರೆ 1876ರ ಬರವೆಂಬುದಕ್ಕೆ ಆಧಾರ ದೊರೆಯುತ್ತದೆ. ಬೆಂಗಳೂರು ಮೈಸೂರು ರೈಲುಹಾದಿಯ ಕೆಲಸ ನಡೆದದ್ದು ಕ್ಷಾಮಪರಿಹಾರದ ಕಾಮಗಾರಿಯಾಗಿಯೇ. ಅದೇ ಹಾಡಿನಲ್ಲಿ ದೊಡ್ಡಬಳ್ಳಾಪುರದ ರೈಲಿನ ಮಾತು ಬಂದರೆ ಎಚ್ಚರವಹಿಸಬೇಕು. ಯಶವಂತಪುರದಿಂದ ಹಿಂದೂಪುರದ ಕಡೆಗೆ ಸಾಗುವ ಆ ಹಾದಿ ಸಿದ್ಧವಾದದ್ದು 1892-93ರ ಸುಮಾರಿನಲ್ಲಿ. ಅಂದರೆ ಬರ ಕಳೆದು ಹದಿನೈದು ವರ್ಷಗಳಾದ ಮೇಲೆ ಯಾರೋ ಹಾಡುಗಾರ ತನ್ನ ಕಣ್ಣಿಗೆ ಕಂಡುದನ್ನು ಹಳೆಯ ಪದಕ್ಕೆ ಹೆಣೆದನೆಂದು ತಿಳಿಯಬೇಕು. ಇದರಿಂದ ಹಾಡು ಸುಳ್ಳಾಗುವುದಿಲ್ಲ. ಅದಕ್ಕೆ ಎರಡು ಪದರಗಳಿವೆಯೆಂದಾಗುತ್ತದೆ, ಅಷ್ಟೆ. ಹಾಗೆಯೇ ಬರದ ಕಾಲದಲ್ಲಿ ಅರಮನೆಯೇ ಆಡಳಿತ ನಡೆಸಿ ಗಂಜಿ ಹಾಕಿಸಿತೆಂದು ಬಂದರೂ ಯೋಚಿಸಬೇಕು. 1831ರಿಂದ 1881ರ ಮಾರ್ಚಿಯವರೆಗೆ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳದು. ಹತ್ತನೆಯ ಚಾಮರಾಜೇಂದ್ರ ಒಡೆಯರು ಆಗ ಅಪ್ರಾಪ್ತವಯಸ್ಕರು.

ಇಂಥ ಪದಗಳನ್ನು ಆಧಾರವೆಂದು ಮೊದಲು ಗಂಭೀರವಾಗಿ ಸಂಗ್ರಹಿಸಿದವರಲ್ಲಿ ಜೆ. ಎಫ್. ಫ್ಲೀಟ್ ಒಬ್ಬರು. 1885ರಿಂದ ಮೊದಲುಗೊಂಡು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅವರು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಹಲಗಲಿಯ ಬೇಡರದೂ ಸೇರಿವೆ. ಶಾಸನಗಳನ್ನು ಓದುತ್ತಿದ್ದ ವಿದ್ವಾಂಸರು ಹಾಡುಗಾರನ ಬಾಯನ್ನೂ ಆಲಿಸಿದರೆಂಬುದು ಮೆಚ್ಚತಕ್ಕ ಸಂಗತಿ. ಆ ಕಾಲದಲ್ಲಿ ನಮ್ಮ ಪಂಡಿತರಲ್ಲಿ ಅನೇಕರು ಲಾವಣಿಯನ್ನು ಸಾಹಿತ್ಯವೆಂದೇ ಎಣಿಸಿರಲಿಲ್ಲ.

ಇನ್ನೊಂದು ತೊಡಕುಂಟು. ಕಾಲ ಕಳೆದುದನ್ನು ಕುರಿತ ಪದಗಳಲ್ಲಿ ಆಗ ಈಗ ಎಂಬ ಹೋಲಿಕೆ ಸಾಮಾನ್ಯ: ಆಗ ಕೆರೆ ತುಂಬಿತ್ತು, ಈಗ ಬತ್ತಿದೆ; ಆಗ ಅಣ್ಣತಮ್ಮಂದಿರು ಕೂಡಿದ್ದರು, ಈಗ ಪಾಲಾದರು. ಇದು ಎಲ್ಲ ತಲೆಮಾರಿನ ಹಿರಿಯರೂ ಹೇಳುತ್ತ ಬಂದ ಮಾತು. ಆದುದರಿಂದ ಕೆಡುಕಿನ ಕಾಲವೆಂಬ ಸಾಮಾನ್ಯೋಕ್ತಿಯನ್ನು ಸಾಕ್ಷ್ಯವೆಂದು ಎತ್ತಿಕೊಳ್ಳಲಾಗದು. ರಾಗಿಯ ಧಾರಣೆ, ಒಣಗಿದ ಕೆರೆಯ ಹೆಸರು, ಊರು ಬಿಟ್ಟವರು ಹಿಡಿದ ದಾರಿ, ಇಂಥ ವಿವರ ದೊರೆತಲ್ಲಿ ಮಾತ್ರ ಅದನ್ನು ತಾಲ್ಲೂಕು ಕಚೇರಿಯ ಕಂದಾಯದ ಲೆಕ್ಕದೊಡನೆ ತಾಳೆನೋಡಬಹುದು. ತಾಳೆಯಾಗದಿದ್ದರೆ ಹಾಡೇ ತಪ್ಪೆಂದು ತೀರ್ಮಾನಿಸುವುದೂ ಅವಸರ. ಬಿಟ್ಟುಹೋದ ಹೊಲದ ಕಂದಾಯದ ಬಾಕಿ ಲೆಕ್ಕದಲ್ಲಿ ಬರುತ್ತದೆ, ಬಿಟ್ಟುಹೋದವನು ಏನಾದನೆಂಬುದು ಅಲ್ಲಿ ಬರುವುದಿಲ್ಲ.